‘ಬೇಕು’ ಕ್ರಿಯಾಪದವಾ, ಅಲ್ವಾ? ಮೇಲಿನ ಮನೆ ಹುಡುಗಿಗೆ ಎಂತ ಹೇಳಲಿ?

ಪೆರಂಪಳ್ಳಿ_ಅಕ್ಕ | ಶನಿವಾರ ರಾತ್ರಿ 8:50

ನಮ್ಮ ಮಹಡಿ ಮನೆಗೆ ಜೂನ್‌ನಲ್ಲಿ ಕೋಲ್ಕತ್ತಾದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಾಳೆ. ಮಣಿಪಾಲದಲ್ಲಿ ಓದುತ್ತಿದ್ದಾಳೆ. ಕನ್ನಡ ಕಲಿಯಲೇಬೇಕು ಅಂತ ಹಟ. ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೆಳಗೆ ಬಂದು ಕೂರುತ್ತಾಳೆ. ನಾನು ಟೀಚರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ.

ಅವಳ ಹತ್ತಿರ ಒಂದು ನೋಟ್‌ಬುಕ್ ಉಂಟು. ಗೆರೆ ಎಳೆದು ನಾಲ್ಕು ಕಾಲಮ್ ಮಾಡಿದ್ದಾಳೆ. ನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್. ಹೊಸ ಪದ ಸಿಕ್ಕಿದ ಕೂಡಲೇ ‘ಆಂಟಿ, ಇದು ಯಾವ ಕಾಲಮ್?’ ಅಂತ ಕೇಳುತ್ತಾಳೆ. ಮನೆ, ಮರ, ಮೀನು ಸುಲಭ. ಬಾ, ಹೋಗು, ತಿನ್ನು ಕೂಡ ಸುಲಭ. ಮೊನ್ನೆ ‘ಬೇಕು’ ಬಂತು. ಹಿಂದೆಮುಂದೆ ನೋಡದೆ ವರ್ಬ್ ಅಂದುಬಿಟ್ಟೆ. ಇಂಗ್ಲಿಷಿನ ‘ವಾಂಟ್’ ವರ್ಬ್ ತಾನೆ?

ಅಲ್ಲೇ ಎಡವಟ್ಟಾಯಿತು. ಮರುದಿನ ತರಕಾರಿ ಅಂಗಡಿಗೆ ಹೋಗಿ ‘ನಾನು ಗುಳ್ಳ ಬೇಕುತ್ತೇನೆ’ ಅಂದಿದ್ದಾಳೆ. ತಿನ್ನು, ತಿನ್ನುತ್ತೇನೆ. ಬೇಕು, ಬೇಕುತ್ತೇನೆ. ಅವಳ ಲೆಕ್ಕ ಸರಿಯಾಗಿಯೇ ಇದೆ. ಅಂಗಡಿಯವರು ಪಾಪ, ನಗದೆ ಒಂದು ಕೆಜಿ ಮಟ್ಟುಗುಳ್ಳ ಬದನೆ ತೂಗಿ ಕೊಟ್ಟಿದ್ದಾರೆ. ಮನೆಗೆ ಬಂದು ಯಾಕೆ ತಪ್ಪು ಅಂತ ಕೇಳಿದಳು. ನನ್ನ ಬಾಯಿ ಕಟ್ಟಿತು.

ಪ್ರಶ್ನೆ ಎರಡು. ‘ಬೇಕು’ ಯಾವ ಜಾತಿಯ ಪದ? ಮತ್ತೆ, ಹೊಸದಾಗಿ ಕಲಿಯುವವರಿಗೆ ಈ ನಾಮಪದ ಕ್ರಿಯಾಪದ ಎಲ್ಲ ಮೊದಲೇ ಹೇಳಿಕೊಡಬೇಕಾ, ಅಥವಾ ಸುಮ್ನೆ ಮಾತಾಡಿಸುತ್ತಾ ಹೋದರೆ ಸಾಕಾ?

ಬಿಜೈ_ಬಾಬು | 8:58

‘ಬೇಕುತ್ತೇನೆ’! ಇವತ್ತಿನಿಂದ ನಾನೂ ಇದನ್ನೇ ಬಳಸುವುದು. ನಾನು ರಜೆ ಬೇಕುತ್ತೇನೆ. ನಾನು ಸಂಬಳ ಜಾಸ್ತಿ ಬೇಕುತ್ತೇನೆ.

ಕುಂದಾಪ್ರ_ಹೈದ | 9:04

ಹ್ವಾಯ್, ನಾವು ‘ಬೇಕ್’ ಅಂತ ಅಲ್ಲಿಗೇ ಕತ್ತರಿಸಿ ಬಿಡುತ್ತೇವೆ. ಬಾಲವೇ ಇಲ್ಲದ ಮೇಲೆ ‘ಉತ್ತೇನೆ’ ಎಲ್ಲಿಗೆ ಕಟ್ಟುತ್ತಾಳೆ ಅವಳು?

ಕಾರ್ಕಳ_ಮಾಷ್ಟ್ರು | 9:20

ಪೆರಂಪಳ್ಳಿಯವರೇ, ಶಾಲೆಯಲ್ಲಿ ಕಲಿತದ್ದು ಮರೆತುಹೋಗಿದೆ ನಿಮಗೆ. ಬೇಕು, ಬೇಡ, ಸಾಕು, ಉಂಟು, ಅಲ್ಲ, ಹೌದು, ಇವುಗಳಿಗೆ ಕ್ರಿಯಾರ್ಥಕಾವ್ಯಯ ಅಂತ ಹೆಸರು. ಕ್ರಿಯೆಯ ಅರ್ಥ ಕೊಡುತ್ತವೆ, ವಾಕ್ಯವನ್ನು ಮುಗಿಸುತ್ತವೆ. ಆದರೆ ಲಿಂಗ, ವಚನ, ಪುರುಷ ಯಾವುದಕ್ಕೂ ಬಗ್ಗುವುದಿಲ್ಲ. ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು, ಬೆಕ್ಕಿಗೆ ಬೇಕು. ಎದುರಿನ ಪದ ಎಷ್ಟು ಬದಲಾದರೂ ‘ಬೇಕು’ ಅಲ್ಲಾಡುವುದಿಲ್ಲ. ಅವ್ಯಯ ಅಂದರೆ ಅದೇ, ವ್ಯಯ ಆಗದ್ದು.

‘ನಾನು’ ಅಲ್ಲ, ‘ನನಗೆ’ ಅಂತ ಮೊದಲು ಹೇಳಿಕೊಡಿ. ಅರ್ಧ ತಪ್ಪು ಅಲ್ಲೇ ಹೋಗುತ್ತದೆ.

ಬಿಜೈ_ಬಾಬು | 9:23

ಮಾಷ್ಟ್ರೇ, ಆ ಹೆಸರು ಕೇಳಿದರೆ ಹುಡುಗಿ ನಾಳೆಯೇ ಹೌರಾ ರೈಲು ಹತ್ತುತ್ತಾಳೆ.

ಕೊಣಾಜೆ_ಗುಡ್ಡೆ | 9:41

ಮಾಷ್ಟ್ರು ಹೇಳಿದ್ದು ಸರಿ. ಆದರೆ ಇದರ ಹಿಂದೆ ಒಂದು ಕಥೆ ಇದೆ. ಈ ಪದಗಳಲ್ಲಿ ಕೆಲವು ಹಿಂದೆ ನಿಜವಾಗಿಯೂ ಕ್ರಿಯಾಪದಗಳೇ ಆಗಿದ್ದವು. ಹಳಗನ್ನಡದಲ್ಲಿ ‘ಬೇೞ್ಕುಂ’. ಆ ಕೊನೆಯ ‘ಕುಂ’ ಇದೆಯಲ್ಲ, ಅದು ಈಗಿನ ‘ಉತ್ತದೆ’ ಅಥವಾ ‘ಉವುದು’ ಮಾಡುವ ಕೆಲಸವನ್ನೇ ಮಾಡುತ್ತಿತ್ತು. ಅದು ಸವೆದು ಸವೆದು ‘ಬೇಕು’ ಆಯಿತು. ಬಾಲ ಆಗಲೇ ಅಂಟಿಕೊಂಡಿದೆ, ಅದಕ್ಕೆ ಇನ್ನೊಂದು ಬಾಲ ಹಿಡಿಯುವುದಿಲ್ಲ.

‘ಸಾಕು’ ಕೂಡ ಅದೇ ಥರ, ‘ಸಾಲ್’ ಧಾತುವಿನಿಂದ ಬಂದದ್ದು. ಅದರ ಅಣ್ಣತಮ್ಮಂದಿರು ಈಗಲೂ ಓಡಾಡಿಕೊಂಡಿದ್ದಾರೆ ನೋಡಿ: ಸಾಲುತ್ತದೆ, ಸಾಲದು. ಹಾಗಾಗಿ ಅಕ್ಕ, ನೀವು ವರ್ಬ್ ಅಂದದ್ದು ಪೂರ್ತಿ ತಪ್ಪಲ್ಲ. ಕೆಲವು ನೂರು ವರ್ಷ ತಡವಾಯಿತು ಅಷ್ಟೇ.

ಪೆರಂಪಳ್ಳಿ_ಅಕ್ಕ | 9:50

ಬಾಲಕ್ಕೆ ಬಾಲ ಹಿಡಿಯುವುದಿಲ್ಲ! ಇದನ್ನು ಅವಳಿಗೆ ಹೇಳಬಹುದು. ಕ್ರಿಯಾರ್ಥಕಾವ್ಯಯ ಮಾತ್ರ ನನ್ನ ಬಾಯಲ್ಲೇ ಹೊರಳುವುದಿಲ್ಲ, ಕ್ಷಮಿಸಿ ಮಾಷ್ಟ್ರೇ.

ನಾಲ್ಕನೇ_ಕ್ಲಾಸ್_ಅಮ್ಮ | 10:05

ವಿಷಯಕ್ಕೆ ಸಂಬಂಧ ಉಂಟೋ ಇಲ್ವೋ ಗೊತ್ತಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ಹೇಳಿಬಿಡುತ್ತೇನೆ. ನನ್ನ ಮಗನಿಗೆ ಶಾಲೆಯಲ್ಲಿ ‘ಕೆಲಸವನ್ನು ಸೂಚಿಸುವ ಪದ ಕ್ರಿಯಾಪದ’ ಅಂತ ಬಾಯಿಪಾಠ ಮಾಡಿಸಿದ್ದಾರೆ. ಪರೀಕ್ಷೆಯಲ್ಲಿ ‘ಮಕ್ಕಳ ಓಟ ಜೋರಾಗಿತ್ತು’ ಅಂತ ಒಂದು ವಾಕ್ಯ. ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಇವನು ‘ಓಟ’ಕ್ಕೆ ಎಳೆದ. ತಪ್ಪು ಹಾಕಿ ಒಂದು ಅಂಕ ಕಳೆದರು.

ಮನೆಗೆ ಬಂದು ‘ಅಮ್ಮ, ಓಡುವುದು ಕೆಲಸ ಅಲ್ವಾ?’ ಅಂತ ಅತ್ತ. ನಾನೆಂತ ಹೇಳುವುದು? ಓಡುವುದು ಕೆಲಸ ಹೌದು ಮಗಾ, ಬೆಳಿಗ್ಗೆ ನಿನ್ನ ಹಿಂದೆ ನಾನು ಓಡುವುದೂ ಕೆಲಸವೇ. ಟೀಚರ್ ಹತ್ತಿರ ಕೇಳಿದರೆ ‘ಅದು ನಾಮಪದ’ ಅಂದರು. ಯಾಕೆ ಅಂತ ಕೇಳಿದರೆ ‘ಪುಸ್ತಕದಲ್ಲಿ ಹಾಗೇ ಇದೆ’.

ಕೊಣಾಜೆ_ಗುಡ್ಡೆ | 10:22

ಅಕ್ಕ, ನಿಮ್ಮ ಮಗನದ್ದು ತಪ್ಪಲ್ಲ, ಆ ವಿವರಣೆಯದ್ದು ತಪ್ಪು. ಅರ್ಥ ನೋಡಿ ಜಾತಿ ಹೇಳಲು ಹೋದರೆ ಹೀಗೇ ಆಗುವುದು. ಓಟ, ಊಟ, ಆಟ, ನೋಟ ಎಲ್ಲವೂ ‘ಕೆಲಸ’ವೇ.

ಪದ ಎಂತ ಹೇಳುತ್ತದೆ ಅಂತ ಬಿಡಿ, ಅದಕ್ಕೆ ಎಂತ ಅಂಟುತ್ತದೆ ಅಂತ ನೋಡಿ. ಅನ್ನು, ಇಂದ, ಗೆ, ಅಲ್ಲಿ ಅಂಟಿದರೆ ನಾಮಪದ. ಓಟವನ್ನು, ಓಟದಿಂದ, ಓಟಕ್ಕೆ, ಓಟದಲ್ಲಿ. ನಿನ್ನೆ, ಇವತ್ತು, ನಾಳೆ ಅಂತ ರೂಪ ಬದಲಾದರೆ ಕ್ರಿಯಾಪದ. ಓಡಿದ, ಓಡುತ್ತಾನೆ, ಓಡುವನು. ನಾಲ್ಕನೇ ಕ್ಲಾಸಿನ ಮಗು ಇದನ್ನು ಐದು ನಿಮಿಷದಲ್ಲಿ ಆಟದ ಹಾಗೆ ಹಿಡಿಯುತ್ತದೆ.

ಉಪ್ಪಡ್_ಪಚ್ಚಿಲ್ | 10:30

ಎರಡೂ ಅಂಟುವ ಪದಗಳನ್ನು ಎಂತ ಮಾಡುತ್ತೀರಿ? ನಮ್ಮಲ್ಲಿ ಹಲಸಿನ ಸೀಸನ್‌ನಲ್ಲಿ ದಿನಾ ಬರುವ ಪ್ರಶ್ನೆ. ತೊಳೆ ತೊಳೆ ಅಂದರೆ ಯಾವ ತೊಳೆ ನಾಮಪದ, ಯಾವ ತೊಳೆ ಕ್ರಿಯಾಪದ?

ಕೊಣಾಜೆ_ಗುಡ್ಡೆ | 10:33

ತೊಳೆಯನ್ನು ತೊಳೆದೆ. ಮುಗಿಯಿತು.

ಕುಂದಾಪ್ರ_ಹೈದ | 10:35

ಹಲಸಿನ ತೊಳೆಯನ್ನು ಯಾರು ಮಾರ್ರೆ ತೊಳೆಯುವುದು? ರುಚಿ ಹೋಗುತ್ತದೆ.

ಕಾರ್ಕಳ_ಮಾಷ್ಟ್ರು | 10:44

ಬೆಳೆ, ನಡೆ, ನುಡಿ, ನಗು ಎಲ್ಲವೂ ಹಾಗೇ. ಹೊಳೆ ಹೊಳೆಯುತ್ತದೆ, ಬೆಳೆ ಬೆಳೆಯುತ್ತದೆ. ಪದ ಒಂಟಿಯಾಗಿ ನಿಂತಿದ್ದಾಗ ಜಾತಿ ಕೇಳಬಾರದು, ವಾಕ್ಯದಲ್ಲಿ ಕೂತ ಮೇಲೆ ಕೇಳಬೇಕು. ಆ ಹುಡುಗಿಯ ಕಾಲಮ್‌ಗಳ ತೊಂದರೆಯೂ ಅದೇ ನೋಡಿ. ಪದವನ್ನು ಒಂಟಿಯಾಗಿ ತಂದು ಡಬ್ಬಿಗೆ ಹಾಕುತ್ತಿದ್ದಾಳೆ.

ಜಯನಗರ_ಟು_ಸುರತ್ಕಲ್ | 10:51

ಕೊಣಾಜೆಯವರೇ, ನಿಮ್ಮ ಪರೀಕ್ಷೆಯಲ್ಲಿ ‘ಬೇಕು’ ಪಾಸಾಗುತ್ತದೆ. ‘ನಿಮ್ಮ ಬೇಕು ಬೇಡಗಳನ್ನು ಹೇಳಿ’ ಅನ್ನುವುದಿಲ್ಲವೇ? ‘ಅನ್ನು’ ಅಂಟಿತು. ಹಾಗಾದರೆ ನಾಮಪದ ಆಯಿತು!

ಕೊಣಾಜೆ_ಗುಡ್ಡೆ | 10:55

ಸಿಕ್ಕಿಬಿದ್ದೆ.

ಕಾರ್ಕಳ_ಮಾಷ್ಟ್ರು | 11:02

ಸಿಕ್ಕಿಬೀಳಲು ಎಂತ ಉಂಟು ಅದರಲ್ಲಿ? ಪದವನ್ನೇ ವಸ್ತುವಿನ ಹಾಗೆ ಎತ್ತಿ ತೋರಿಸುವಾಗ ಯಾವ ಪದವೂ ನಾಮಪದದ ಅಂಗಿ ಹಾಕಿಕೊಳ್ಳುತ್ತದೆ. ‘ನಿನ್ನ ಹೂಂ ಅನ್ನು ಎಷ್ಟು ಸಲ ಕೇಳುವುದು’ ಅಂದರೆ ಹೂಂ ನಾಮಪದ ಆಗಿಹೋಯಿತಾ? ಅಂಗಿ ತೆಗೆದರೆ ಮತ್ತೆ ಅದೇ ಹೂಂ. ಶುಭರಾತ್ರಿ, ನನಗೆ ಮಾತ್ರೆ ತೆಗೆದುಕೊಳ್ಳುವ ಹೊತ್ತು.

ಬಿಜೈ_ಬಾಬು | ಭಾನುವಾರ ಬೆಳಿಗ್ಗೆ 7:40

ನಾನು ಒಂದು ನೇರ ಮಾತು ಹೇಳುತ್ತೇನೆ. ನಮ್ಮ ಮನೆ ಎದುರು ಮೀನು ತರುವ ಹೆಂಗಸು ತುಳು ಮಾತಾಡುತ್ತಾಳೆ, ಕನ್ನಡ ಮಾತಾಡುತ್ತಾಳೆ, ಬ್ಯಾರಿ ಗಿರಾಕಿ ಸಿಕ್ಕಿದರೆ ಬ್ಯಾರಿ, ಕೊಂಕಣಿ ಮನೆಗೆ ಹೋದರೆ ಕೊಂಕಣಿ. ನಾಮಪದ ಕ್ರಿಯಾಪದ ಕೇಳಿದರೆ ಬಂಗುಡೆಯಲ್ಲಿ ಹೊಡೆಯುತ್ತಾಳೆ. ಮಂಗಳೂರಿನಲ್ಲಿ ಯಾರು ವ್ಯಾಕರಣ ಓದಿ ಭಾಷೆ ಕಲಿತಿದ್ದಾರೆ? ಅಂಗಳದಲ್ಲಿ ಒಂದು, ಮನೆಯೊಳಗೆ ಒಂದು, ಶಾಲೆಯಲ್ಲಿ ಇನ್ನೊಂದು. ಹುಡುಗಿಯ ನೋಟ್‌ಬುಕ್ ಕಿತ್ತು ಬಿಸಾಡಿ, ಮಾರ್ಕೆಟ್‌ಗೆ ಕಳಿಸಿ.

ಕಂಕನಾಡಿ_ಸಿಸ್ಟರ್ | 8:30

ಬಾಬು ಅಣ್ಣಾ, ಮೊದಲನೆಯದಾಗಿ ‘ಮಾತಾಡುತ್ತಾಳೆ’ ಅಲ್ಲ, ‘ಮಾತಾಡುತ್ತಾರೆ’. ನಿಮ್ಮ ಅಮ್ಮನ ಪ್ರಾಯದವರು ಇರಬಹುದು ಅವರು.

ಎರಡನೆಯದು, ಅವರು ಹುಟ್ಟಿದಾಗಿನಿಂದ ಕಲಿಯುತ್ತಾ ಬಂದಿದ್ದಾರೆ. ನನಗೆ ಅಷ್ಟು ಟೈಮ್ ಇರಲಿಲ್ಲ. ನಾನು ಕಣ್ಣೂರಿನವಳು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಸೋಮವಾರವೇ ವಾರ್ಡಿನಲ್ಲಿ ಕನ್ನಡ ಬೇಕಿತ್ತು. ‘ಎಲ್ಲಿ ನೋಯುತ್ತದೆ’ ಅಂತ ಕೇಳಲು ಅಂಗಳದಲ್ಲಿ ಆಡಿ ಕಲಿಯುವವರೆಗೆ ಕಾಯಲು ಆಗುತ್ತದಾ?

ನನ್ನ ತಪ್ಪುಗಳನ್ನು ಕೇಳಿ. ಮಲಯಾಳದಲ್ಲಿ ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ. ಯಾರು ಹೋದರೂ ‘ಪೋಯಿ’. ಕ್ರಿಯಾಪದಕ್ಕೆ ಬಾಲವೇ ಇಲ್ಲ. ಹಾಗಾಗಿ ಇಲ್ಲಿ ಬಂದು ಕಿವಿಗೆ ಬಿದ್ದ ಒಂದೇ ರೂಪ ಹಿಡಿದುಕೊಂಡೆ. ಡಾಕ್ಟರ್ ಬಂತು. ಅಜ್ಜ ಊಟ ಮಾಡಿತು. ನಾನು ಡ್ಯೂಟಿಗೆ ಹೋಯಿತು. ಇಡೀ ವಾರ್ಡ್ ನಗುತ್ತಿತ್ತು, ನನಗೆ ಯಾಕೆ ಅಂತ ಗೊತ್ತಿಲ್ಲ. ತಪ್ಪು ಅಂತ ಎಲ್ಲರೂ ಹೇಳಿದರು, ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ. ಕೊನೆಗೆ ಒಬ್ಬರು ಹಿರಿಯ ಸಿಸ್ಟರ್ ಒಂದು ಕಾಗದದಲ್ಲಿ ನಾನು ಏನೆ, ಅವನು ಆನೆ, ಅವಳು ಆಳೆ, ಅವರು ಆರೆ, ಅದು ಅದೆ ಅಂತ ಬರೆದು ಕೊಟ್ಟರು. ಐದು ಸಾಲು. ಯೂನಿಫಾರ್ಮ್ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಎರಡು ವಾರದಲ್ಲಿ ನಗು ನಿಂತಿತು. ಅದು ವ್ಯಾಕರಣ ತಾನೆ?

ಆದರೆ ಒಂದು ಸಲ ಅದೇ ತಪ್ಪಿಗೆ ಮರ್ಯಾದೆ ಸಿಕ್ಕಿದ್ದೂ ಉಂಟು. ‘ಅಕ್ಕ ಬಂತು’ ಅಂತ ನಾನು ಹೇಳಿದ್ದು ಕೇಳಿ ವಿಟ್ಲ ಕಡೆಯ ಒಬ್ಬರು ಅಜ್ಜಿ ಖುಷಿಯಾಗಿ ‘ನಿಂಗೊ ಹವ್ಯಕರಾ?’ ಅಂತ ಕೇಳಿದರು!

ವಿಟ್ಲ_ಅಡಕೆ | 8:46

ಸಿಸ್ಟರ್, ಅಜ್ಜಿ ಕೇಳಿದ್ದು ಸಹಜ. ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರಿಗೆ ‘ಅದು ಬಂತು’ ಅನ್ನುವುದೇ ಕ್ರಮ. ಅದರಲ್ಲಿ ಅಗೌರವ ಇಲ್ಲ. ಹೊರಗಿನವರು ಕೇಳಿ ಗಾಬರಿಯಾಗುತ್ತಾರೆ.

ತೊಟ್ಟಂ_ಬೊಂಡ | 8:59

ನಮ್ಮ ಕೊಂಕಣಿಯಲ್ಲೂ ಸ್ವಲ್ಪ ಹಾಗೆ. ಗಂಡು ಹುಡುಗ ಆಯ್ಲೊ, ಮದುವೆಯಾದ ಹೆಂಗಸು ಆಯ್ಲಿ, ಸಣ್ಣ ಹುಡುಗಿ ಮಾತ್ರ ‘ಚೆಡುಂ ಆಯ್ಲೆಂ’. ನಪುಂಸಕ. ಅದಲ್ಲದೆ ಮರ ಗಂಡು, ದಾರಿ ಹೆಣ್ಣು, ಮನೆ ನಪುಂಸಕ. ಶಾಲೆಯಲ್ಲಿ ಹಿಂದಿ ಬಂದಾಗ ನಮಗೆ ಈ ಲಿಂಗದ ಕಾಟ ಹೊಸದಾಗಿರಲಿಲ್ಲ. ಕನ್ನಡ ಮನೆಯ ಮಕ್ಕಳು ಕಿಟಕಿ ಯಾಕೆ ಹೆಣ್ಣು ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಮನುಷ್ಯ ಅಲ್ಲದ್ದೆಲ್ಲ ‘ಅದು’, ಎಷ್ಟು ಸುಖ.

ಕಾರ್ಕಳ_ಮಾಷ್ಟ್ರು | 9:15

ಪೂರ್ತಿ ಅಷ್ಟು ಸುಖ ಇಲ್ಲ. ಸೂರ್ಯ ಮುಳುಗಿದನಾ, ಮುಳುಗಿತಾ? ಎರಡೂ ನಡೆಯುತ್ತದೆ. ಅದಕ್ಕೆ ಪುನ್ನಪುಂಸಕಲಿಂಗ ಅಂತ ಬೇರೆ ಹೆಸರೇ ಉಂಟು.

ಬಿಜೈ_ಬಾಬು | 9:17

ಮಾಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ದೊಡ್ಡ ಪದ ಬೇಡ, ಇಡ್ಲಿ ಇಳಿಯುವುದಿಲ್ಲ. ಸಿಸ್ಟರ್, ಮಾತಾಡುತ್ತಾರೆ. ಒಪ್ಪಿದೆ. ಇವತ್ತು ಅವರು ಬಂದಾಗಲೂ ಮರ್ಯಾದೆಯಿಂದಲೇ ಚೌಕಾಸಿ ಮಾಡುತ್ತೇನೆ.

ಕಂಕನಾಡಿ_ಸಿಸ್ಟರ್ | 9:40

ಇನ್ನೊಂದು ಹೇಳುತ್ತೇನೆ, ಇದು ನನ್ನದೇ ಸಂಶೋಧನೆ. ನಿನ್ನೆ ನಡೆದದ್ದನ್ನು ಹೇಳುವಾಗ ನನಗೆ ಹುಚ್ಚು ಹಿಡಿಯುತ್ತಿತ್ತು. ಮಾಡು ಮಾಡಿದೆ ಆಗುತ್ತದೆ, ಕೊಡು ಯಾಕೆ ಕೊಟ್ಟೆ? ಒಂದು ನೈಟ್ ಡ್ಯೂಟಿಯಲ್ಲಿ ಗಲಾಟೆ ಇರಲಿಲ್ಲ. ಚಾರ್ಟ್‌ನ ಹಿಂದೆ ಎಲ್ಲ ‘ಡು’ ಪದಗಳನ್ನು ಬರೆದೆ.

ಕೊಡು ಕೊಟ್ಟೆ, ಬಿಡು ಬಿಟ್ಟೆ, ಇಡು ಇಟ್ಟೆ, ನೆಡು ನೆಟ್ಟೆ, ಸುಡು ಸುಟ್ಟೆ.
ಮಾಡು ಮಾಡಿದೆ, ನೋಡು ನೋಡಿದೆ, ಓಡು ಓಡಿದೆ, ಹಾಡು ಹಾಡಿದೆ, ಬೇಡು ಬೇಡಿದೆ.

ಕಾಣಿಸಿತಾ? ಮೊದಲ ಅಕ್ಷರ ಗಿಡ್ಡ ಇದ್ದರೆ ‘ಟ್ಟ’. ಉದ್ದ ಇದ್ದರೆ ‘ಡಿದ’. ಬೆಳಿಗ್ಗೆ ಡ್ಯೂಟಿಗೆ ಬಂದ ಕನ್ನಡದವರಿಗೆ ಹೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ದಿನಾ ಹೇಳುತ್ತಾರೆ, ಗೊತ್ತಿಲ್ಲ!

ಪೆರಂಪಳ್ಳಿ_ಅಕ್ಕ | 9:48

ಅಯ್ಯಬ್ಬ. 63 ವರ್ಷದಿಂದ ಕನ್ನಡ ಮಾತಾಡುತ್ತಿದ್ದೇನೆ. ಈಗ ಕುಳಿತು ಒಂದೊಂದೇ ಹೇಳಿ ನೋಡಿದೆ. ತೊಡು ತೊಟ್ಟೆ, ಉಡು ಉಟ್ಟೆ, ಕಾಡು ಕಾಡಿದೆ. ಹೌದಲ್ಲ!

ಕುಂದಾಪ್ರ_ಹೈದ | 9:52

ಹೊರಡು? ಹೊರಡಿದೆ ಅಲ್ಲ, ಹೊರಟ್ಟೆ ಕೂಡ ಅಲ್ಲ. ಹೊರಟೆ.

ಕಂಕನಾಡಿ_ಸಿಸ್ಟರ್ | 9:54

ಅದು ಮೂರಕ್ಷರ. ನನ್ನ ಸೂತ್ರ ಎರಡಕ್ಷರದ್ದು. ಚಾರ್ಟ್‌ನಲ್ಲಿ ಅಷ್ಟೇ ಜಾಗ ಇದ್ದದ್ದು.

ನಾಲ್ಕನೇ_ಕ್ಲಾಸ್_ಅಮ್ಮ | 10:10

ನನ್ನ ಮಗಳಿಗೆ ಮೂರು ವರ್ಷ. ‘ಅಣ್ಣ ನಂಗೆ ಚಾಕಲೇಟ್ ಕೊಡಿದ’ ಅನ್ನುತ್ತಾಳೆ. ನಾನು ತಪ್ಪು ಅಂತ ತಿದ್ದುತ್ತಿದ್ದೆ. ಅವಳು ಯಾರೂ ಹೇಳಿಕೊಡದೆ ‘ಮಾಡಿದ, ನೋಡಿದ’ ಸೂತ್ರ ಕಂಡುಹಿಡಿದು ಎಲ್ಲ ಕಡೆ ಹಚ್ಚುತ್ತಿದ್ದಾಳೆ ಅಂತ ಈಗ ತಲೆಗೆ ಹೋಯಿತು. ಮನೆಯಲ್ಲಿ ಯಾರೂ ‘ಕೊಡಿದ’ ಅನ್ನುವುದಿಲ್ಲ ಅಲ್ವಾ, ಮತ್ತೆ ಎಲ್ಲಿಂದ ಕೇಳಿದಳು?

ಕೊಣಾಜೆ_ಗುಡ್ಡೆ | 10:15

ಕರೆಕ್ಟ್ ಅಕ್ಕ. ಅದೂ ‘ಬೇಕುತ್ತೇನೆ’ಯೂ ಒಂದೇ ಜಾತಿಯ ತಪ್ಪು. ಸೂತ್ರ ಗೊತ್ತಾದವರು ಮಾತ್ರ ಮಾಡಬಹುದಾದ ತಪ್ಪು.

ಜಯನಗರ_ಟು_ಸುರತ್ಕಲ್ | 10:40

ನಾನು ಕನ್ನಡದವನೇ, ಆದರೂ ಇಲ್ಲಿ ಬಂದ ಮೊದಲ ವಾರ ವ್ಯಾಕರಣದಲ್ಲಿ ಮುಗ್ಗರಿಸಿದೆ. ಆಫೀಸಿನಲ್ಲಿ ಒಬ್ಬರು ‘ಸರ್, ಊಟಕ್ಕೆ ಹೋಗುವ’ ಅಂದರು. ನಾನು ನಿಂತೇ ಇದ್ದೆ. ಊಟಕ್ಕೆ ಹೋಗುವ... ಯಾರು? ಊಟಕ್ಕೆ ಹೋಗುವ ಜಾಗ? ಊಟಕ್ಕೆ ಹೋಗುವ ಹೊತ್ತು? ಅವರು ನನ್ನ ಮುಖ ನೋಡುತ್ತಿದ್ದಾರೆ, ನಾನು ಅವರ ಮುಖ. ನಮ್ಮಲ್ಲಿ ‘ಹೋಗೋಣ’ ಅನ್ನುತ್ತಾರೆ. ‘ಹೋಗುವ’ ಅಂದರೆ ಮುಂದೆ ಒಂದು ನಾಮಪದ ಬರಲೇಬೇಕು, ಹೋಗುವ ಬಸ್ಸು, ಹೋಗುವ ದಾರಿ. ಇಲ್ಲಿ ಅಲ್ಲಿಗೇ ವಾಕ್ಯ ಮುಗಿಯುತ್ತದೆ.

ಇನ್ನು ‘ಉಂಟು’. ಬೆಂಗಳೂರಿಗೆ ಹೋದಾಗ ಬಾಯಿ ತಪ್ಪಿ ‘ಕಾಫಿ ಉಂಟಾ’ ಅಂದರೆ ತಮ್ಮಂದಿರು ಯಕ್ಷಗಾನ ಶುರು ಮಾಡುತ್ತಾರೆ.

ಕಂಕನಾಡಿ_ಸಿಸ್ಟರ್ | 10:52

‘ಉಂಟು’ ಕೇಳಿ ನನಗೆ ನಮ್ಮದೇ ಪದ ಸಿಕ್ಕಿದ ಹಾಗಾಗಿತ್ತು. ಮಲಯಾಳದಲ್ಲಿ ಮನುಷ್ಯರಿಗೂ ವಸ್ತುವಿಗೂ ‘ಉಂಡ್’. ‘ಡಾಕ್ಟರ್ ಉಂಟು’ ಅಂದೆ. ಮತ್ತೆ ನಗು. ಮಾತ್ರೆ ಉಂಟು, ಡಾಕ್ಟರ್ ಇದ್ದಾರೆ. ಇದನ್ನು ಯಾವ ಪುಸ್ತಕದಲ್ಲೂ ನಾನು ನೋಡಲಿಲ್ಲ.

ಉಪ್ಪಡ್_ಪಚ್ಚಿಲ್ | 11:05

ಸಿಸ್ಟರ್, ಅದಕ್ಕೆ ಉತ್ತರ ತುಳುವಿನಲ್ಲಿ ಸಿಗುತ್ತದೆ. ಬೂಕು ಉಂಡು, ಆಯೆ ಉಲ್ಲೆ, ಆಳ್ ಉಲ್ಲಳ್. ವಸ್ತುವಿಗೆ ಮಾತ್ರ ‘ಉಂಡು’. ನಾವು ಕನ್ನಡ ಮಾತಾಡುವಾಗಲೂ ತುಳುವಿನ ಲೆಕ್ಕವೇ ನಡೆಯುವುದು. ಕರಾವಳಿಯ ಕನ್ನಡ ತಪ್ಪು ಅಂತ ನಗುವವರಿಗೆ ಅದರೊಳಗೆ ಇನ್ನೊಂದು ಭಾಷೆಯ ವ್ಯಾಕರಣ ಕೂತಿದೆ ಅಂತ ಗೊತ್ತಿಲ್ಲ.

ತುಳುವಿನಲ್ಲಿ ಇನ್ನೊಂದು ಅನುಕೂಲ ಉಂಟು. ನೀವೂ ಸೇರಿದರೆ ‘ನಮ’, ನಿಮ್ಮನ್ನು ಬಿಟ್ಟು ನಾವಷ್ಟೇ ಆದರೆ ‘ಎಂಕುಳು’. ಕನ್ನಡದ ‘ನಾವು’ ಎರಡಕ್ಕೂ ಒಂದೇ. ನಮ್ಮ ಆಫೀಸಿನಲ್ಲಿ ‘ಆದಿತ್ಯವಾರ ನಾವು ಮಲ್ಪೆಗೆ ಹೋಗುತ್ತೇವೆ’ ಅಂದದ್ದಕ್ಕೆ ಹೊಸದಾಗಿ ಸೇರಿದ ಹುಡುಗ ಟವೆಲ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದ. ನಾವು ಹೇಳಿದ್ದು ಎಂಕುಳು, ಅವನು ಕೇಳಿಸಿಕೊಂಡದ್ದು ನಮ. ಮತ್ತೆ ಕರೆದುಕೊಂಡು ಹೋದೆವು, ಬಿಡಿ.

ವಿಟ್ಲ_ಅಡಕೆ | 11:12

ಹವ್ಯಕದಲ್ಲೂ ಆ ವ್ಯತ್ಯಾಸ ಉಂಟು. ನಿಮ್ಮನ್ನು ಸೇರಿಸಿ ‘ನಾವು’, ಬಿಟ್ಟು ‘ಎಂಗೊ’.

ಸುಲ್ತಾನ್‌ಬತ್ತೇರಿ_ದೋಣಿ | 11:30

ಇಷ್ಟೆಲ್ಲ ಚಂದದ ಸಂಗತಿ ಇರುವಾಗ ಶಾಲೆಯಲ್ಲಿ ಕಲಿಸುವುದು ಎಂತ? ಪಂಚಮೀ ವಿಭಕ್ತಿ, ‘ದೆಸೆಯಿಂದ’. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ಜನ್ಮದಲ್ಲಿ ಯಾರಾದರೂ ಹೇಳಿದ್ದೀರಾ? ‘ನಾನು ಉಡುಪಿಯ ದೆಸೆಯಿಂದ ಬಂದೆ’ ಅಂದರೆ ಕಂಡಕ್ಟರ್ ಟಿಕೆಟ್ ಕೊಡುತ್ತಾನಾ? ಕತ್ತಿಯಿಂದ ಕೊಯ್ದರೂ ‘ಇಂದ’, ಮರದಿಂದ ಬಿದ್ದರೂ ‘ಇಂದ’. ಎರಡೂ ಒಂದೇ. ಸಂಸ್ಕೃತದಲ್ಲಿ ಏಳು ಉಂಟು ಅಂತ ಇಲ್ಲಿಯೂ ಏಳು ಮಾಡಿದ್ದು. ನಮ್ಮ ದಕ್ಷಿಣ ಕನ್ನಡದವರೇ ಆದ ಡಿ. ಎನ್. ಶಂಕರ ಭಟ್ಟರು ಎಷ್ಟೋ ವರ್ಷದಿಂದ ಹೇಳಿದ್ದು ಇದನ್ನೇ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ.

ಕಾರ್ಕಳ_ಮಾಷ್ಟ್ರು | 12:05

ಪಂಚಮಿಯ ವಿಷಯದಲ್ಲಿ ನಿಮ್ಮ ಸಿಟ್ಟನ್ನು ಒಪ್ಪುತ್ತೇನೆ. ‘ದೆಸೆಯಿಂದ’ ಕಲಿಸುವಾಗ ನನಗೇ ನಗು ಬರುತ್ತಿತ್ತು. ಆದರೆ ಹಳೆಯವರನ್ನೆಲ್ಲ ಒಂದೇ ಏಟಿಗೆ ಹೊಡೆಯಬೇಡಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ಬರೆದದ್ದು ಕನ್ನಡದಲ್ಲೇ, ಕಂದಪದ್ಯದಲ್ಲಿ. ಅವನ ಪಂಚಮಿ ‘ಅತ್ತಣಿಂ’. ಮರದತ್ತಣಿಂ ಬಿೞ್ದುದು ಅಂದರೆ ಮರದ ಕಡೆಯಿಂದ. ಸಂಸ್ಕೃತದಲ್ಲೇ ಸೂತ್ರ ಬರೆದವನು ಭಟ್ಟಾಕಳಂಕ, 1604ರಲ್ಲಿ, 592 ಸೂತ್ರ. ಕನ್ನಡ ಅಷ್ಟು ಆಳವಾದ ಭಾಷೆ ಅಂತ ಪಂಡಿತರಿಗೆ ತೋರಿಸಲು ಅವನು ಹಿಡಿದ ದಾರಿ ಅದು. ಅಳತೆಕೋಲು ಹೊರಗಿನದ್ದು, ಅಳೆದದ್ದು ನಮ್ಮ ಬಟ್ಟೆಯನ್ನೇ.

ಮತ್ತೆ, ಈಗ ನೀವು ಮಾಡುತ್ತಿರುವುದೂ ಅದೇ ಅಲ್ವಾ? ನೌನ್, ವರ್ಬ್, ಅಡ್ಜೆಕ್ಟಿವ್ ಕಾಲಮ್ ಎಲ್ಲಿಯ ಅಳತೆಕೋಲು? ಅವರು ಏಳು ವಿಭಕ್ತಿ ತಂದರು, ನೀವು ನಾಲ್ಕು ಕಾಲಮ್ ತಂದಿರಿ.

ಸುಲ್ತಾನ್‌ಬತ್ತೇರಿ_ದೋಣಿ | 12:11

ಆ ಏಟು ಪೆರಂಪಳ್ಳಿ ಅಕ್ಕನಿಗೆ ಬಿತ್ತು, ನನಗಲ್ಲ.

ಪೆರಂಪಳ್ಳಿ_ಅಕ್ಕ | 12:20

ಬಿತ್ತು ಬಿತ್ತು. ಅಡ್ಜೆಕ್ಟಿವ್ ಕಾಲಮ್‌ನಲ್ಲೂ ಒಂದು ಸಮಸ್ಯೆ ಆಗಿದೆ, ಈಗ ಹೇಳುತ್ತೇನೆ. ‘ದೊಡ್ಡ’ ಅಂತ ಬರೆದುಕೊಂಡಳು. ಆಮೇಲೆ ‘ಆಂಟಿ, ನಿಮ್ಮ ಮನೆ ದೊಡ್ಡ’ ಅಂದಳು. ‘ದೊಡ್ಡದು’ ಅಂತ ತಿದ್ದಿದೆ. ‘ದು’ ಎಲ್ಲಿಂದ ಬಂತು ಅಂತ ಕೇಳಿದಳು.

ಕೊಣಾಜೆ_ಗುಡ್ಡೆ | 12:31

ದೊಡ್ಡ ಅದು, ದೊಡ್ಡದು. ದೊಡ್ಡ ಅವನು, ದೊಡ್ಡವನು. ‘ದೊಡ್ಡ’ ಒಬ್ಬನೇ ವಾಕ್ಯದ ಕೊನೆಯಲ್ಲಿ ಕೂರುವುದಿಲ್ಲ, ‘ಅದು’ವನ್ನು ಎಳೆದುಕೊಂಡು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಆ ಹಂಗಿಲ್ಲ. ಕಾಲಮ್ ಒಂದೇ, ನಡತೆ ಬೇರೆ.

ಮುಲ್ಕಿ_ಮಾವ | ಮಧ್ಯಾಹ್ನ 2:15

ಊಟ ಮಾಡಿ ಮಲಗುವ ಅಂತಿದ್ದೆ, ಇದನ್ನು ಓದಿ ನಿದ್ರೆ ಹಾರಿತು. ನಾನೂ ಬ್ಯಾಂಕಿನವನು. ಟ್ರಾನ್ಸ್‌ಫರ್‌ನಲ್ಲಿ 6 ವರ್ಷ ಕೋಲ್ಕತ್ತಾದಲ್ಲಿ ಇದ್ದೆ. ನೀವೆಲ್ಲ ಕೇಶಿರಾಜನವರೆಗೆ ಹೋಗಿ ಬಂದಿರಿ, ಹುಡುಗಿಯ ಮನೆಭಾಷೆ ಎಂತ ಹೇಳುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ಬಂಗಾಳಿಯಲ್ಲಿ ಚಹಾ ಬೇಕು ಅನ್ನಲು ‘ಆಮಾರ್ ಚಾ ಚಾಇ’ ಅನ್ನುತ್ತಾರೆ. ‘ಆಮಾರ್’ ಅಂದರೆ ‘ನನ್ನ’. ‘ನಾನು’ ಅಲ್ಲ! ‘ಆಮಿ’ ಹಾಕಿ ಹೇಳುವುದೂ ಉಂಟು, ಆದರೆ ಅಂಗಡಿಯಲ್ಲಿ ನಾನು ಜಾಸ್ತಿ ಕೇಳಿದ್ದು ‘ಆಮಾರ್’. ಹಸಿವಾದರೂ ‘ಆಮಾರ್ ಖಿದೆ ಪೇಯೇಛೆ’. ನಮ್ಮ ‘ನನಗೆ ಹಸಿವಾಗಿದೆ’ ಇದ್ದ ಹಾಗೆ. ನಾವು ‘ನನಗೆ’ ಅನ್ನುತ್ತೇವೆ, ಅವರು ‘ನನ್ನ’ ಅನ್ನುತ್ತಾರೆ. ಇಬ್ಬರ ನಡುವೆ ಇಂಗ್ಲಿಷ್ ಬಂದು ಕೂತು ‘ಐ ವಾಂಟ್’ ಅಂದದ್ದಕ್ಕೆ ಹುಡುಗಿ ‘ನಾನು ಬೇಕುತ್ತೇನೆ’ ಅಂದಳು. ತಂಗೀ, ನೀವು ಇಂಗ್ಲಿಷ್ ಬಿಟ್ಟು ‘ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ’ ಅಂತ ಕೇಳಿ ನೋಡಿ.

ಇನ್ನೊಂದು ಎಚ್ಚರಿಕೆ. ಅವರಲ್ಲಿ ಅವನು ಅವಳು ಎರಡಕ್ಕೂ ಒಂದೇ ಪದ, ಕ್ರಿಯಾಪದವೂ ಬದಲಾಗುವುದಿಲ್ಲ.

ಪೆರಂಪಳ್ಳಿ_ಅಕ್ಕ | 2:24

ಅಯ್ಯೋ ಮಾವಾ, ಅದಕ್ಕೇ! ಮೊನ್ನೆ ನಮ್ಮವರು ಗೇಟ್ ತೆಗೆದದ್ದು ನೋಡಿ ‘ಆಂಟಿ, ಅಂಕಲ್ ಬಂದಳು’ ಅಂದಳು. ಇವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಕಂಕನಾಡಿ_ಸಿಸ್ಟರ್ | 2:30

ಅಕ್ಕ, ಆ ಐದು ಸಾಲಿನ ಕಾಗದ ಬರೆದು ಕೊಡಿ ಅವಳಿಗೆ. ಜೇಬಿನಲ್ಲಿ ಇಟ್ಟುಕೊಳ್ಳಲಿ.

ನಾಲ್ಕನೇ_ಕ್ಲಾಸ್_ಅಮ್ಮ | ಸಂಜೆ 5:05

ಕೊಣಾಜೆಯವರೇ, ಮಗನ ಜೊತೆ ನಿಮ್ಮ ಅಂಟಿಸುವ ಆಟ ಆಡಿದೆ. ಮನೆಯಲ್ಲಿದ್ದ ಸಾಮಾನಿಗೆಲ್ಲ ‘ಅನ್ನು’ ಅಂಟಿಸಿದ. ಆಮೇಲೆ ‘ಅಮ್ಮ, ಪ್ಲೀಸ್‌ಗೆ ಎಂತ ಅಂಟುತ್ತದೆ?’ ಅಂತ ಕೇಳಿದ. ನಾನು ಅಡುಗೆಮನೆಗೆ ಹೋದೆ.

ಪೆರಂಪಳ್ಳಿ_ಅಕ್ಕ | ಸೋಮವಾರ ರಾತ್ರಿ 9:10

ನಿನ್ನೆ ರಾತ್ರಿ ಮುಲ್ಕಿ ಮಾವ ಹೇಳಿದ ಹಾಗೆ ಕೇಳಿದೆ. ‘ಚಹಾ ಬೇಕು ಅಂತ ನಿಮ್ಮ ಅಮ್ಮನ ಹತ್ತಿರ ಹೇಗೆ ಹೇಳುತ್ತೀ?’ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳೇ ನಿಲ್ಲಿಸಿದಳು. ‘ಆಮಾರ್... ನನಗೆ... ಓ!’ ಅಂತ ಹಣೆ ಬಡಿದುಕೊಂಡಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ‘ನನಗೆ’ ಅಂತ ದೊಡ್ಡದಾಗಿ ಬರೆದು ಕೆಳಗೆ ಬೇಕು, ಬೇಡ, ಸಾಕು, ಗೊತ್ತು, ಇಷ್ಟ, ಹಸಿವು, ಜ್ವರ ಅಂತ ಪಟ್ಟಿ ಮಾಡಿದಳು. ಆ ಪಟ್ಟಿಯಲ್ಲಿ ಕ್ರಿಯಾಪದ ಯಾವುದು, ನಾಮಪದ ಯಾವುದು ಅಂತ ಕೇಳಲೇ ಇಲ್ಲ.

ಇವತ್ತು ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ ‘ನನಗೆ ಗುಳ್ಳ ಬೇಕು’ ಅಂದಿದ್ದಾಳೆ. ಅಂಗಡಿಯವರು ಖುಷಿಯಾಗಿ, ಈ ಹುಡುಗಿ ಊರಿನವಳೇ ಆದಳು ಅಂದುಕೊಂಡರೋ ಏನೋ, ‘ಏತ್ ಬೋಡು?’ ಅಂತ ತುಳುವಿನಲ್ಲಿ ಕೇಳಿದ್ದಾರೆ. ಓಡಿ ಬಂದು ನನ್ನ ಹತ್ತಿರ ‘ಆಂಟಿ, ಬೋಡು ಯಾವ ಪುಟದಲ್ಲಿ ಬರೆಯಲಿ?’

ಉಪ್ಪಡ್_ಪಚ್ಚಿಲ್ | 9:14

ಅದೇ ಪುಟದಲ್ಲಿ ಬರೆಯಲಿ. ಎಂಕ್ ಬೋಡು, ನನಗೆ ಬೇಕು. ಪಕ್ಕದಲ್ಲೇ ಬೊಡ್ಚಿ, ಬೇಡ.

ಬಿಜೈ_ಬಾಬು | 9:16

ಅದಿರಲಿ ಅಕ್ಕ, ಗುಳ್ಳ ಈಗ ಕೆಜಿಗೆ ಎಷ್ಟು ಅಲ್ಲಿ? ಇಲ್ಲಿ ಮಾರ್ಕೆಟ್‌ನಲ್ಲಿ ಮುಳ್ಳಿಲ್ಲದ್ದನ್ನೆಲ್ಲ ಮಟ್ಟುಗುಳ್ಳ ಅಂತ ಹೇಳಿ ಕೊಡುತ್ತಿದ್ದಾರೆ.